ರೇಡಿಯೋ ವಾಲ್ವಿನ ನಾಡಿಪರೀಕ್ಷೆ

ಅನ್ನ ಬೆಂದಿತೋ ಇಲ್ಲವೋ ಎಂದು ತಿಳಿಯುವುದಕ್ಕೆ ಪಾತ್ರೆಯಲ್ಲಿರುವುದನ್ನೆಲ್ಲ ಹಿಸುಕಿ ನೋಡಬೇಕಾದುದಿಲ್ಲ. ಒಂದು ಅಗುಳನ್ನು ನೋಡಿದರೆ ಸಾಕು. ಇದಕ್ಕೆ ಸ್ಥಾಲೀಪುಲಾಕನ್ಯಾಯವೆಂದು ಹಿರಿಯರು ಹೆಸರಿಟ್ಟಿದ್ದಾರೆ. ಅಡಿಗೆಮನೆಯಲ್ಲಿ ಈ ನ್ಯಾಯವು ಸರ್ವಮಾನ್ಯವಾದುದು. ಆದರೆ ಎಲ್ಲ ವಸ್ತುಗಳ ವಿಷಯದಲ್ಲಿಯೂ ಇದನ್ನೇ ನಂಬಿಕೊಂಡು ತೀರ್ಪು ಹೇಳಿದರೆ ಅನ್ಯಾಯವಾಗುವ ಸಂಭವವುಂಟೆಂಬುದನ್ನು ನಮ್ಮ ಮನೆಯ ಹಳೆಯ ರೇಡಿಯೋ ನನಗೆ ಕಲಿಸಿತು. ಆ ಸಂಗತಿಯನ್ನೂ, ಅದರ ನಿಮಿತ್ತವಾಗಿ ನಾನು ಮನೆಯಲ್ಲಿಯೇ ಕಟ್ಟಿಕೊಂಡ ಒಂದು ಸಣ್ಣ ಯಂತ್ರದ ವಿಚಾರವನ್ನೂ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ನಮ್ಮ ತಂದೆಯವರು ಕೊಂಡಿದ್ದ ಐದು ವಾಲ್ವುಗಳ ರೇಡಿಯೋ ಬಹುಕಾಲ ಅಟ್ಟದ ಮೇಲೆ ಧೂಳು ಹಿಡಿದು ಕುಳಿತಿತ್ತು. ಅದು ಮತ್ತೊಮ್ಮೆ ಮಾತನಾಡುವುದನ್ನು ಕೇಳಬೇಕೆಂಬ ಆಸೆ ನಮ್ಮ ತಾಯಿಯವರಿಗೆ ಉಂಟಾಯಿತು. ಕೆಳಗಿಳಿಸಿ, ಒರೆಸಿ, ವಿದ್ಯುತ್ತನ್ನು ಕೊಟ್ಟೆವು. ಮುಂದಿನ ಗಾಜಿನ ಫಲಕ ಬೆಳಗಿತು, ಧ್ವನಿಯೂ ಬಂದಿತು. ಆದರೆ ಅದು ನೆಗಡಿ ಹಿಡಿದವನ ದನಿಯಂತೆ ಒಡಕಾಗಿದ್ದು, ಹತ್ತು ನಿಮಿಷ ಕಳೆಯುವಷ್ಟರಲ್ಲಿ ಇನ್ನೂ ಕೆಟ್ಟು, ಪೆಟ್ಟಿಗೆಯ ಹಿಂಭಾಗವು ಮುಟ್ಟಲಾರದಷ್ಟು ಬಿಸಿಯಾಯಿತು. ಪೇಟೆಯಲ್ಲಿ ಹಳೆಯ ರೇಡಿಯೋಗಳನ್ನು ಈಗಲೂ ಸರಿಪಡಿಸುವ ಒಬ್ಬರ ಬಳಿಗೆ ಹೊತ್ತುಕೊಂಡು ಹೋದೆನು. ಅವರು ವಾಲ್ವುಗಳನ್ನು ಒಂದೊಂದಾಗಿ ತಮ್ಮ ಪರೀಕ್ಷಾಯಂತ್ರದಲ್ಲಿ ಚುಚ್ಚಿ ನೋಡಿದರು. ಒಂದೆರಡರಲ್ಲಿ ಮುಳ್ಳು ಕೆಂಪು ಹಸಿರುಗಳ ನಡುವೆ ತೂಗಾಡಿತು.

“ಸ್ವಾಮೀ, ಇವಕ್ಕೆಲ್ಲ ವಯಸ್ಸಾಗಿದೆ. ಐದನ್ನೂ ಬದಲಾಯಿಸಬೇಕು. ಈಗ ಇವು ಸಿಗುವುದೇ ಕಷ್ಟ, ಸಿಕ್ಕರೂ ದುಬಾರಿ. ನನ್ನ ಮಾತು ಕೇಳುವುದಾದರೆ ಪೆಟ್ಟಿಗೆಯನ್ನು ಶೋಭೆಗಾಗಿ ಇಟ್ಟುಕೊಳ್ಳಿ” ಎಂದರು.

ಅವರು ವಂಚಕರಲ್ಲ, ಯಂತ್ರವು ತೋರಿಸಿದುದನ್ನು ಹೇಳಿದರು. ಆದರೆ ಐದೂ ಒಟ್ಟಿಗೆ ಮುದಿಯಾದುವೆಂಬುದನ್ನು ನನ್ನ ಮನಸ್ಸು ಒಪ್ಪಲಿಲ್ಲ. ತಾಯಿಯವರಿಗೆ ಏನು ಹೇಳುವುದೆಂಬ ಚಿಂತೆಯೂ ಇದ್ದಿತು. ವಾಲ್ವುಗಳನ್ನು ಬಟ್ಟೆಯಲ್ಲಿ ಸುತ್ತಿ ಮನೆಗೆ ತಂದೆನು.

ವಾಲ್ವೆಂದರೇನು?

ಈಗಿನ ಮಕ್ಕಳು ಕಂಡರಿಯದ ವಸ್ತುವಾದುದರಿಂದ ವಾಲ್ವಿನ ಪರಿಚಯವನ್ನು ಎರಡು ಮಾತಿನಲ್ಲಿ ಹೇಳುವುದು ಅಗತ್ಯ. ಅಮೆರಿಕದ ಎಡಿಸನ್ ಮಹಾಶಯನು ದೀಪದ ಬುರುಡೆಗಳು ಒಳಗಿನಿಂದ ಏಕೆ ಕಪ್ಪಾಗುತ್ತವೆಂದು ಶೋಧಿಸುತ್ತಿದ್ದಾಗ, ಬುರುಡೆಯೊಳಗೆ ಬೇರೊಂದು ಲೋಹದ ತಗಡನ್ನಿಟ್ಟು ಅದನ್ನು ಧನ ತುದಿಗೆ ಸೇರಿಸಿದರೆ ಬರಿಯ ನಿರ್ವಾತದ ಮೂಲಕವೇ ವಿದ್ಯುತ್ತು ಹರಿಯುವುದನ್ನೂ, ಋಣ ತುದಿಗೆ ಸೇರಿಸಿದರೆ ಹರಿಯದಿರುವುದನ್ನೂ ಕಂಡನು. ಇದಕ್ಕೆ 1884 ರಲ್ಲಿ ಅವನಿಗೆ ಪೇಟೆಂಟು ದೊರೆಯಿತು. ಉಪಯೋಗ ಮಾತ್ರ ಹೊಳೆಯಲಿಲ್ಲ. ಇಂಗ್ಲೆಂಡಿನ ಫ್ಲೆಮಿಂಗನು 1904 ರಲ್ಲಿ ಇದನ್ನೇ ರೇಡಿಯೋ ಅಲೆಗಳನ್ನು ಗ್ರಹಿಸುವುದಕ್ಕೆ ಬಳಸಿದನು. ಪ್ರವಾಹವನ್ನು ಒಂದೇ ದಿಕ್ಕಿಗೆ ಬಿಟ್ಟು ಇನ್ನೊಂದು ದಿಕ್ಕಿಗೆ ತಡೆಯುವುದರಿಂದ ಅದಕ್ಕೆ ವಾಲ್ವೆಂಬ ಹೆಸರು ಬಂದಿತು. ಎರಡು ವರ್ಷಗಳ ತರುವಾಯ ಅಮೆರಿಕದ ಡಿ ಫಾರೆಸ್ಟನು ನಡುವೆ ತಂತಿಯ ಒಂದು ಜಾಲರಿಯನ್ನಿಟ್ಟನು. ಅದೇ ಗ್ರಿಡ್. ಕ್ಷೀಣವಾದ ಧ್ವನಿಯನ್ನು ಗಟ್ಟಿಮಾಡುವ ವಿದ್ಯೆಯು ಅಂದಿನಿಂದ ಮನುಷ್ಯನ ಕೈಗೆ ಬಂದಿತು.

ಇದರ ಕೆಲಸವನ್ನು ಒಂದು ಕೆರೆಯ ದೃಷ್ಟಾಂತದಿಂದ ತಿಳಿಯಬಹುದು. ಕೆಂಪಗೆ ಕಾದ ಕ್ಯಾಥೋಡೆಂಬ ಕೊಳವಿಯಿಂದ ಎಲೆಕ್ಟ್ರಾನುಗಳೆಂಬ ಋಣವಿದ್ಯುತ್ಕಣಗಳು, ಕುದಿಯುವ ನೀರಿನಿಂದ ಆವಿ ಏಳುವಂತೆ, ಹೊರಹೊಮ್ಮುತ್ತವೆ. ಇದೇ ಕೆರೆಯ ನೀರು. ಸುತ್ತಲೂ ಇರುವ ಆನೋಡೆಂಬ ತಗಡಿಗೆ ನೂರಾರು ವೋಲ್ಟುಗಳ ಧನ ಒತ್ತಡವನ್ನು ಕೊಟ್ಟರೆ ಅದು ಈ ಕಣಗಳನ್ನು ಸೆಳೆದುಕೊಳ್ಳುತ್ತದೆ. ಇದು ಇಳಿಜಾರಿನ ಗದ್ದೆ. ನಡುವಿನ ಗ್ರಿಡ್ಡು ತೂಬಿನಂತೆ. ಅದಕ್ಕೆ ಕೆಲವೇ ವೋಲ್ಟುಗಳ ಋಣ ಒತ್ತಡವನ್ನು ಕೊಟ್ಟರೆ ಹರಿವು ತಗ್ಗುತ್ತದೆ. ಹೆಚ್ಚು ಕೊಟ್ಟರೆ ನಿಂತೇಹೋಗುತ್ತದೆ. ತೂಬಿನ ಕದವನ್ನು ಒಂದು ಕೈಯಿಂದ ಅಲ್ಲಾಡಿಸಿ ಕಾಲುವೆಯ ನೀರನ್ನೆಲ್ಲ ಕುಣಿಸುವಂತೆ, ಗ್ರಿಡ್ಡಿಗೆ ಬಂದ ಸಣ್ಣ ಏರಿಳಿತವು ಆನೋಡಿನಲ್ಲಿ ದೊಡ್ಡ ಏರಿಳಿತವಾಗುತ್ತದೆ.

ನಮ್ಮ ನಾಡಿಗೂ ಈ ಬುರುಡೆಗೂ ಹಳೆಯ ನಂಟುಂಟು. ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935 ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಆಕಾಶವಾಣಿಯೆಂಬ ಹೆಸರಿನಿಂದ ಪ್ರಸಾರವನ್ನಾರಂಭಿಸಿದಾಗ ಆ ಧ್ವನಿಯನ್ನು ಹೊತ್ತೊಯ್ದುದು ವಾಲ್ವುಗಳೇ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯು 1961 ರಲ್ಲಿ ರೇಡಿಯೋ ವಾಲ್ವುಗಳನ್ನು ತಯಾರಿಸತೊಡಗಿತು. ಆದರೆ ಅಷ್ಟರೊಳಗೆ, 1947 ರಲ್ಲಿ ಹುಟ್ಟಿದ ಟ್ರಾನ್ಸಿಸ್ಟರು ಬೆಳೆದು ವಾಲ್ವಿನ ಸ್ಥಾನವನ್ನು ಆಕ್ರಮಿಸುತ್ತಿದ್ದಿತು. ಈಗ ಸ್ಲೊವಾಕಿಯಾ, ರಷ್ಯ, ಚೀನಾ ದೇಶಗಳ ಕೆಲವು ಕಾರ್ಖಾನೆಗಳಲ್ಲಿ ಮುಖ್ಯವಾಗಿ ಗಿಟಾರು ವಾದಕರಿಗೂ ಸಂಗೀತಪ್ರಿಯರಿಗೂ ಬೇಕಾದ ಕೆಲವು ಜಾತಿಯ ವಾಲ್ವುಗಳು ಮಾತ್ರ ತಯಾರಾಗುತ್ತಿವೆ. ಆದುದರಿಂದ ಇರುವ ಒಂದು ಒಳ್ಳೆಯ ವಾಲ್ವನ್ನು ಕೆಟ್ಟದ್ದೆಂದು ಎಸೆಯುವುದು ದುಡ್ಡಿನ ನಷ್ಟವಷ್ಟೇ ಅಲ್ಲ. ಕೆಲವು ಜಾತಿಗಳಲ್ಲಿ ಅದು ಮತ್ತೆ ತುಂಬಲಾರದ ನಷ್ಟ.

ಒಂದಗುಳಿನ ಪರೀಕ್ಷೆ

ಅಂಗಡಿಯ ಸಾಮಾನ್ಯ ಪರೀಕ್ಷಾಯಂತ್ರವು ಮಾಡುವುದಿಷ್ಟು: ವಾಲ್ವಿನ ಗ್ರಿಡ್ಡುಗಳನ್ನೂ ಆನೋಡನ್ನೂ ಒಟ್ಟಿಗೆ ಕಟ್ಟಿ, ಸ್ವಲ್ಪ ಒತ್ತಡವನ್ನು ಕೊಟ್ಟು, ಕ್ಯಾಥೋಡಿನಿಂದ ಎಷ್ಟು ಕಣಗಳು ಹೊರಡುತ್ತವೆಂದು ಮುಳ್ಳಿನಿಂದ ತೋರಿಸುತ್ತದೆ. ಕೆರೆಯಲ್ಲಿ ನೀರಿದೆಯೇ ಎಂಬುದಕ್ಕೆ ಇದರಿಂದ ಉತ್ತರ ದೊರೆಯುತ್ತದೆ. ತೂಬು ಸರಿಯಾಗಿ ಮುಚ್ಚಿ ತೆರೆಯುತ್ತಿದೆಯೇ ಎಂಬುದಕ್ಕೆ ದೊರೆಯುವುದಿಲ್ಲ. ಏಕೆಂದರೆ ತೂಬನ್ನೇ ಗದ್ದೆಗೆ ಕಟ್ಟಿಹಾಕಲಾಗಿದೆ. ನೀರು ಸ್ವಲ್ಪ ತಗ್ಗಿದ್ದರೂ ತೂಬು ಚೆನ್ನಾಗಿದ್ದರೆ ಬೇಸಾಯ ನಡೆದೀತು. ಕೆರೆ ತುಂಬಿದ್ದರೂ ತೂಬು ಕೆಟ್ಟಿದ್ದರೆ ನಡೆಯದು.

ವಾಲ್ವನ್ನು ತಯಾರಿಸುವವರು ಅದರ ಗುಣವನ್ನು ಒಂದು ಅಂಕಿಯಿಂದ ಹೇಳಿ ಮುಗಿಸುವುದಿಲ್ಲ. ಅವರ ಕೈಪಿಡಿಗಳಲ್ಲಿ ಚೌಕುಳಿ ಕಾಗದದ ಮೇಲೆ ಬಾಗಿದ ಗೆರೆಗಳ ಒಂದು ಸಂಸಾರವೇ ಇರುತ್ತದೆ. ಅಡ್ಡಲಾಗಿ ಆನೋಡಿನ ವೋಲ್ಟು, ಮೇಲ್ಮುಖವಾಗಿ ಪ್ರವಾಹ. ಗ್ರಿಡ್ಡಿನ ಒಂದೊಂದು ಒತ್ತಡಕ್ಕೆ ಒಂದೊಂದು ಗೆರೆ. ಈ ಗೆರೆಗಳನ್ನು ಬರೆದು ತೋರಿಸುವ ಯಂತ್ರಕ್ಕೆ ಕರ್ವ್ ಟ್ರೇಸರ್ ಎಂದು ಹೆಸರು. ಅಮೆರಿಕದ ಟೆಕ್ಟ್ರಾನಿಕ್ಸ್ ಸಂಸ್ಥೆಯು 1955 ರಲ್ಲಿ ವಾಲ್ವುಗಳಿಗಾಗಿಯೇ ಇಂಥದೊಂದನ್ನು, 570 ಎಂಬ ಸಂಖ್ಯೆಯಿಂದ, ಹೊರತಂದಿತು. ಅಂಥದನ್ನು ಕೊಳ್ಳುವುದು ಗೃಹಸ್ಥನಿಗೆ ಆಗತಕ್ಕ ಮಾತಲ್ಲ. ಆದರೆ ಬೆಸುಗೆ ಹಾಕಲು ಬಲ್ಲ, ತಾಳ್ಮೆಯುಳ್ಳ ಯಾರಾದರೂ ಅದರ ಕೆಲಸವನ್ನು ಮನೆಯ ಮೇಜಿನ ಮೇಲೆ ಮಾಡಿಕೊಳ್ಳಬಹುದು. ಯಂತ್ರವು ಕ್ಷಣದಲ್ಲಿ ಬರೆಯುವ ಗೆರೆಯನ್ನು ನಾವು ಒಂದು ಸಂಜೆಯಲ್ಲಿ ಬಿಂದುಬಿಂದುವಾಗಿ ಬರೆಯಬೇಕಾಗುತ್ತದೆ, ಅಷ್ಟೆ.

ಯಂತ್ರದ ಅಂಗಗಳು

ಈ ಯಂತ್ರಕ್ಕೆ ನಾಲ್ಕು ಅಂಗಗಳು ಬೇಕು.

ಮೊದಲನೆಯದು, ಕ್ಯಾಥೋಡನ್ನು ಕಾಯಿಸುವ ವಿದ್ಯುತ್ತು. ರೇಡಿಯೋ ವಾಲ್ವುಗಳಲ್ಲಿ ಬಹುಪಾಲಿಗೆ ಇದು 6.3 ವೋಲ್ಟು. ಸಣ್ಣ ಟ್ರಾನ್ಸ್‌ಫಾರ್ಮರು ಸಾಕು. ಆದರೆ ಹೊರೆಯಿರುವಾಗ ಒತ್ತಡವು ಸರಿಯಾಗಿ 6.3 ಇದೆಯೇ ಎಂದು ಅಳೆದು ನೋಡತಕ್ಕದ್ದು. ಇಲ್ಲಿ ತಪ್ಪಿದರೆ ಮುಂದಿನ ಅಳತೆಗಳೆಲ್ಲ ತಪ್ಪುತ್ತವೆ.

ಎರಡನೆಯದು, ಆನೋಡಿನ ಒತ್ತಡ. ಇದನ್ನು ಸೊನ್ನೆಯಿಂದ 250 ವೋಲ್ಟಿನವರೆಗೆ ಬೇಕಾದಂತೆ ಏರಿಸಿ ಇಳಿಸಲು ಬರಬೇಕು. ನಾನು ವೇರಿಯಾಕ್ ಎಂಬ, ತಿರುಗಿಸುವ ಹಿಡಿಯುಳ್ಳ ಟ್ರಾನ್ಸ್‌ಫಾರ್ಮರನ್ನು ಮೊದಲಿಗಿಟ್ಟು, ಅದರ ಮುಂದೆ 230 ವೋಲ್ಟನ್ನು 230 ವೋಲ್ಟಾಗಿಯೇ ಕೊಡುವ ಬೇರೊಂದು ಟ್ರಾನ್ಸ್‌ಫಾರ್ಮರನ್ನಿಟ್ಟೆನು. ಹೊಕ್ಕಷ್ಟೇ ಹೊರಬರುವುದಾದರೆ ಅದು ಏಕೆಂದು ಮನೆಯವರು ಕೇಳಿದರು. ಅದರ ಪ್ರಯೋಜನವು ಒತ್ತಡವನ್ನು ಮಾರ್ಪಡಿಸುವುದಲ್ಲ. ಬೀದಿಯ ಕಂಬದಿಂದ ಬಂದ ವಿದ್ಯುತ್ತಿಗೂ ನಮ್ಮ ಮೇಜಿಗೂ ನೇರವಾದ ಸಂಬಂಧವನ್ನು ಕಡಿಯುವುದು. ವೇರಿಯಾಕ್ ಒಂದರಿಂದಲೇ ಈ ಕೆಲಸವಾಗದು. ಅದರಲ್ಲಿರುವುದು ಒಂದೇ ಸುರುಳಿ. ಇವೆರಡರ ಮುಂದೆ ನಾಲ್ಕು ಡಯೋಡುಗಳ ಸೇತುವೆ, 450 ವೋಲ್ಟು ತಡೆಯುವ 100 ಮೈಕ್ರೋಫ್ಯಾರಡ್ ಕಂಡೆನ್ಸರು, ಅದರ ಎರಡು ತುದಿಗಳಿಗೂ ಸೇರಿದ 47 ಸಾವಿರ ಓಮಿನ 5 ವಾಟ್ ರೆಸಿಸ್ಟರು, ದಾರಿಯಲ್ಲಿ 100 ಮಿಲಿ-ಆಂಪಿಯರಿನ ಒಂದು ಫ್ಯೂಸು.

ಮೂರನೆಯದು, ಗ್ರಿಡ್ಡಿನ ಋಣ ಒತ್ತಡ. ಗ್ರಿಡ್ಡು ಪ್ರವಾಹವನ್ನು ಕುಡಿಯುವುದಿಲ್ಲವಾದುದರಿಂದ ಇದು ಬಹು ಸುಲಭ. 9 ವೋಲ್ಟಿನ ಎರಡು ಬ್ಯಾಟರಿಗಳನ್ನು ಒಂದರ ಬೆನ್ನಿಗೊಂದು ಸೇರಿಸಿ, 10 ಸಾವಿರ ಓಮಿನ ತಿರುಗುವ ರೆಸಿಸ್ಟರಿನ ಮೂಲಕ ಬೇಕಾದಷ್ಟನ್ನು ತೆಗೆದುಕೊಂಡೆನು. ಬ್ಯಾಟರಿಯ ಧನ ತುದಿ ಕ್ಯಾಥೋಡಿಗೆ; ಋಣದ ಪಾಲು ಗ್ರಿಡ್ಡಿಗೆ.

ನಾಲ್ಕನೆಯದು, ಅಳತೆ. ಆನೋಡಿಗೂ ಕ್ಯಾಥೋಡಿಗೂ ನಡುವೆ ಒಂದು ವೋಲ್ಟ್‌ಮೀಟರು. ಗ್ರಿಡ್ಡಿಗೂ ಕ್ಯಾಥೋಡಿಗೂ ನಡುವೆ ಇನ್ನೊಂದು. ಪ್ರವಾಹವನ್ನಳೆಯಲು ಮೀಟರನ್ನು ಆನೋಡಿನ ದಾರಿಯಲ್ಲಿಟ್ಟರೆ ಮೀಟರೇ 250 ವೋಲ್ಟಿನ ಮೇಲೆ ಕುಳಿತಂತಾಗುತ್ತದೆ. ಅದಕ್ಕೆ ಬದಲಾಗಿ ಕ್ಯಾಥೋಡಿನಿಂದ ಸರಬರಾಜಿನ ಋಣ ತುದಿಗೆ ಮರಳುವ ದಾರಿಯಲ್ಲಿ 10 ಓಮಿನ ಒಂದು ರೆಸಿಸ್ಟರನ್ನಿಟ್ಟು ಅದರ ತುದಿಗಳಲ್ಲಿ ಮಿಲಿವೋಲ್ಟುಗಳನ್ನು ಓದಿದೆನು. 10 ಮಿಲಿವೋಲ್ಟು ಕಂಡರೆ 1 ಮಿಲಿ-ಆಂಪಿಯರು; 80 ಕಂಡರೆ 8. ಲೆಕ್ಕವು ಬಾಯಲ್ಲೇ ಆಗುತ್ತದೆ.

ಇವೆಲ್ಲವನ್ನೂ ಒಂದು ಹಲಗೆಯ ಮೇಲೆ ಅಚ್ಚುಕಟ್ಟಾಗಿ ಜೋಡಿಸಿ, ಒಂಬತ್ತು ಕಾಲಿನ ಸಾಕೆಟ್ಟಿನ ಒಂದೊಂದು ಕಾಲಿನಿಂದಲೂ ತಂತಿಯನ್ನು ಹೊರಗೆ ತಂದು ಸಂಖ್ಯೆ ಬರೆದೆನು. ವಾಲ್ವಿನ ಜಾತಿಗೆ ತಕ್ಕಂತೆ ಯಾವ ಕಾಲಿಗೆ ಯಾವ ತಂತಿ ಎಂಬುದನ್ನು ಕೈಪಿಡಿಯಲ್ಲಿ ನೋಡಿ ಸೇರಿಸಿದರಾಯಿತು.

ಪ್ರಾಣದ ಎಚ್ಚರ

ಮುಂದೆ ಹೋಗುವುದಕ್ಕೆ ಮುಂಚೆ ಒಂದು ಮಾತನ್ನು ಹೇಳದಿದ್ದರೆ ಈ ಲೇಖನವನ್ನು ಬರೆದ ಪಾಪ ನನಗೆ ತಟ್ಟೀತು. 250 ವೋಲ್ಟಿನ ನೇರ ವಿದ್ಯುತ್ತು ಮನುಷ್ಯನನ್ನು ಕೊಲ್ಲಬಲ್ಲುದು. ಸ್ವಿಚ್ಚನ್ನು ಆರಿಸಿದ ಮೇಲೆಯೂ ಕಂಡೆನ್ಸರು ತನ್ನ ಹೊಟ್ಟೆಯಲ್ಲಿ ವಿದ್ಯುತ್ತನ್ನು ಬಚ್ಚಿಟ್ಟುಕೊಂಡಿರುತ್ತದೆ. ಮೇಲೆ ಹೇಳಿದ 47 ಸಾವಿರ ಓಮಿನ ರೆಸಿಸ್ಟರಿನ ಕೆಲಸವೇ ಅದನ್ನು ಬರಿದುಮಾಡುವುದು. ಅದಕ್ಕೆ ಅರ್ಧ ನಿಮಿಷ ಹಿಡಿಯುತ್ತದೆ. ಆದರೆ ರೆಸಿಸ್ಟರಿನ ಬೆಸುಗೆ ಬಿಟ್ಟುಹೋಗಿದ್ದರೆ? ಆದಕಾರಣ ಸ್ವಿಚ್ಚನ್ನು ಆರಿಸಿ, ಒಂದು ನಿಮಿಷ ಕಾದು, ಮೀಟರಿನಲ್ಲಿ ಒತ್ತಡವು ಸೊನ್ನೆಗೆ ಬಂದುದನ್ನು ಕಣ್ಣಾರೆ ಕಂಡ ಮೇಲೆಯೇ ತಂತಿಯನ್ನು ಮುಟ್ಟತಕ್ಕದ್ದು. ವಿದ್ಯುತ್ತು ಇರುವಾಗ ಕೆಲಸ ಮಾಡಬೇಕಾದರೆ ಒಂದೇ ಕೈಯಿಂದ ಮಾಡಿ, ಇನ್ನೊಂದನ್ನು ಜೇಬಿನಲ್ಲಿಟ್ಟುಕೊಳ್ಳಬೇಕು. ಪ್ರವಾಹವು ಒಂದು ಕೈಯಿಂದ ಇನ್ನೊಂದು ಕೈಗೆ ಎದೆಯ ಮೂಲಕ ಹಾಯುವುದು ಬಹು ಅಪಾಯಕರ. ಒಬ್ಬರೇ ಇರುವ ಮನೆಯಲ್ಲಿ, ನಿದ್ದೆಗಣ್ಣಿನಲ್ಲಿ, ಒದ್ದೆ ನೆಲದ ಮೇಲೆ ಈ ಕೆಲಸ ಕೂಡದು. ಮಕ್ಕಳಿರುವ ಮನೆಯಲ್ಲಿ ಕೊಠಡಿಗೆ ಅಗುಳಿ ಹಾಕಿಕೊಳ್ಳುವುದು ಮೇಲು. ವಿದ್ಯುತ್ಕೆಲಸದ ಅಭ್ಯಾಸವೇ ಇಲ್ಲದವರು ಬಲ್ಲವರನ್ನು ಬಳಿಯಲ್ಲಿಟ್ಟುಕೊಳ್ಳದೆ ತೊಡಗಬಾರದು.

ಗೆರೆಗಳ ಮಾತು

ಹೊಸ ಯಂತ್ರದಿಂದ ಹಳೆಯ ವಾಲ್ವನ್ನು ಪರೀಕ್ಷಿಸಿದರೆ ತಪ್ಪು ಯಾರದೆಂದು ತಿಳಿಯುವುದಿಲ್ಲ. ಆದುದರಿಂದ ನಾನು ಇ.ಸಿ.ಸಿ. 82 ಎಂಬ ಜಾತಿಯ ಒಂದು ಹೊಸ ವಾಲ್ವನ್ನು ಕೊಂಡುತಂದು ಮೊದಲು ಅದರಿಂದ ಯಂತ್ರವನ್ನೇ ಪರೀಕ್ಷಿಸಿದೆನು. ಕೈಪಿಡಿಯ ಪ್ರಕಾರ ಆನೋಡಿಗೆ 250 ವೋಲ್ಟನ್ನೂ ಗ್ರಿಡ್ಡಿಗೆ ಋಣ 8.5 ವೋಲ್ಟನ್ನೂ ಕೊಟ್ಟರೆ 10.5 ಮಿಲಿ-ಆಂಪಿಯರು ಹರಿಯಬೇಕು. ಎರಡು ನಿಮಿಷ ಕಾಯಿಸಿ ನೋಡಿದರೆ 10.2 ಬಂದಿತು. ಯಂತ್ರವು ಸುಳ್ಳು ಹೇಳುತ್ತಿಲ್ಲವೆಂಬ ಧೈರ್ಯವಾಯಿತು.

ಅನಂತರ ಬಿಂದುಗಳನ್ನು ಗುರುತಿಸುತ್ತ ಹೋದೆನು. ಗ್ರಿಡ್ಡು ಋಣ 4 ವೋಲ್ಟಿನಲ್ಲಿರುವಾಗ ಆನೋಡಿನ 100 ವೋಲ್ಟಿಗೆ 2.2, 150 ವೋಲ್ಟಿಗೆ 8.0 ಮಿಲಿ-ಆಂಪಿಯರು ದೊರೆಯಿತು. 200 ವೋಲ್ಟಿಗೆ ಹೋದರೆ ಪ್ರವಾಹವು 15 ನ್ನು ಮೀರುತ್ತದೆ. ಇವೆರಡನ್ನು ಗುಣಿಸಿದರೆ 3 ವಾಟಿಗೂ ಮೇಲಾಗುತ್ತದೆ. ಈ ವಾಲ್ವಿನ ಆನೋಡು ತಾಳುವ ಮಿತಿ 2.75 ವಾಟ್. ಆದುದರಿಂದ ಆ ಬಿಂದುವನ್ನು ಬಿಟ್ಟೆನು. ಗ್ರಿಡ್ಡನ್ನು ಋಣ 6 ವೋಲ್ಟಿಗೆ ಇಳಿಸಿದಾಗ 150 ವೋಲ್ಟಿಗೆ 3.7, 200 ವೋಲ್ಟಿಗೆ 9.8 ಬಂದಿತು. ಹೀಗೆ ಬಿಂದುಗಳನ್ನು ಸೇರಿಸಿದಾಗ, ಬುಡದಲ್ಲಿ ಮೆಲ್ಲಗೆ ತಲೆಯೆತ್ತಿ ಮುಂದೆ ನೆಟ್ಟಗೆ ಏರುವ, ಒಂದರ ಪಕ್ಕಕ್ಕೊಂದು ಸಾಲಾಗಿ ನಿಂತ ಗೆರೆಗಳು ಮೂಡಿದುವು. ಗಾಳಿಗೆ ಒಂದೇ ಕಡೆಗೆ ಬಾಗಿದ ಪೈರಿನಂತೆ ಅವು ಕಂಡುವು.

ಗೆರೆಯು ಬುಡದಲ್ಲಿ ಬಾಗಿರುವುದಕ್ಕೂ ಕಾರಣವುಂಟು. ಕ್ಯಾಥೋಡಿನ ಸುತ್ತ ನೆರೆದ ಕಣಗಳು ಹಿಂದಿನಿಂದ ಬರುವ ತಮ್ಮ ಒಡನಾಡಿಗಳನ್ನೇ ಹಿಮ್ಮೆಟ್ಟಿಸುತ್ತವೆ. ಈ ಗುಂಪಿನ ತಡೆಯನ್ನು ಲೆಕ್ಕಹಾಕಿದ ಚೈಲ್ಡ್, ಲ್ಯಾಂಗ್ಮ್ಯೂರ್ ಎಂಬ ವಿಜ್ಞಾನಿಗಳು ಎರಡೇ ಅಂಗಗಳುಳ್ಳ ಆದರ್ಶ ವಾಲ್ವಿನಲ್ಲಿ ಒತ್ತಡವು ನಾಲ್ಮಡಿಯಾದರೆ ಪ್ರವಾಹವು ಎಂಟ್ಮಡಿಯಾಗುವುದೆಂದು ತೋರಿಸಿಕೊಟ್ಟರು. ಮೇಜಿನ ಮೇಲೆ ಮೂಡಿದ ಬಾಗು ಈ ನಿಯಮದ ಚಿತ್ರವೇ.

ಇನ್ನು ಈ ಗೆರೆಗಳಿಂದ ಓದಿಕೊಳ್ಳಬಹುದಾದುದು ಮೂರು ಗುಣ. ಆನೋಡು 150 ವೋಲ್ಟಿನಲ್ಲಿಯೇ ಇರುವಾಗ ಗ್ರಿಡ್ಡು 4 ರಿಂದ 6 ಕ್ಕೆ ಹೋದರೆ ಪ್ರವಾಹವು 8.0 ಯಿಂದ 3.7 ಕ್ಕೆ ಇಳಿಯಿತು. ಎಂದರೆ ವೋಲ್ಟೊಂದಕ್ಕೆ 2.15 ಮಿಲಿ-ಆಂಪಿಯರು. ಇದು ಗ್ರಿಡ್ಡಿನ ಹಿಡಿತ. ಎಂಜಿನಿಯರರು ಮ್ಯೂಚುಯಲ್ ಕಂಡಕ್ಟೆನ್ಸ್ ಎನ್ನುತ್ತಾರೆ. ಗ್ರಿಡ್ಡು ಋಣ 6 ರಲ್ಲಿಯೇ ಇರುವಾಗ ಆನೋಡು 50 ವೋಲ್ಟು ಏರಿದರೆ ಪ್ರವಾಹವು 6.1 ಏರಿತು, 50 ನ್ನು ಇದರಿಂದ ಭಾಗಿಸಿದರೆ ಸುಮಾರು 8.2 ಸಾವಿರ ಓಮಿನ ಆಂತರಿಕ ರೋಧ ದೊರೆಯುತ್ತದೆ. ಇವೆರಡನ್ನೂ ಗುಣಿಸಿದರೆ 17.6, ಇದು ವರ್ಧನಾಂಕ. ಕೈಪಿಡಿಯು 250 ವೋಲ್ಟಿನಲ್ಲಿ ಕ್ರಮವಾಗಿ 2.2, 7.7 ಸಾವಿರ, 17 ಎನ್ನುತ್ತದೆ. ನಾನು ಅಳೆದ ಸ್ಥಾನ ಬೇರೆಯಾದರೂ ಮನೆಯ ಹಲಗೆಗೂ ಕಾರ್ಖಾನೆಯ ಪುಸ್ತಕಕ್ಕೂ ಇಷ್ಟು ಹೊಂದಿಕೆಯಾದುದನ್ನು ಕಂಡು ನನಗಾದ ಸಂತೋಷವನ್ನು ಅನುಭವಿಸಿದವರೇ ಬಲ್ಲರು.

ತಾನೇ ಬರೆಯುವ ಯಂತ್ರ

ಒಂದು ವಾಲ್ವಿಗೆ ಒಂದು ಸಂಜೆ ಎಂಬುದು ಎಲ್ಲರಿಗೂ ಒಗ್ಗುವ ಮಾತಲ್ಲ. ಆಸಿಲೋಸ್ಕೋಪ್ ಇದ್ದವರು ಕೆಲಸವನ್ನು ಅದಕ್ಕೇ ಒಪ್ಪಿಸಬಹುದು. ಆನೋಡಿನ ಸರಬರಾಜಿನಿಂದ ದೊಡ್ಡ ಕಂಡೆನ್ಸರನ್ನು ತೆಗೆದುಬಿಟ್ಟರೆ ಒತ್ತಡವು ಸ್ಥಿರವಾಗಿ ನಿಲ್ಲದೆ ಸೆಕೆಂಡಿಗೆ 100 ಸಲ ಸೊನ್ನೆಯಿಂದ ತುದಿಗೆ ಏರಿ ಇಳಿಯುತ್ತದೆ. ಅದರ ಒಂದಂಶವನ್ನು ತೆರೆಯ ಅಡ್ಡ ಚಲನೆಗೂ, 10 ಓಮಿನ ರೆಸಿಸ್ಟರಿನ ಒತ್ತಡವನ್ನು ಮೇಲ್ಚಲನೆಗೂ ಕೊಟ್ಟರೆ ಬೆಳಕಿನ ಚುಕ್ಕಿಯು ತಾನೇ ಓಡಾಡಿ ಗೆರೆಯನ್ನು ಬರೆಯುತ್ತದೆ. ಗ್ರಿಡ್ಡನ್ನು ಮೆಟ್ಟಲುಮೆಟ್ಟಲಾಗಿ ಇಳಿಸುತ್ತ ಬಂದರೆ ಸಂಸಾರವೆಲ್ಲ ತೆರೆಯ ಮೇಲೆ ನಿಲ್ಲುತ್ತದೆ. ಟೆಕ್ಟ್ರಾನಿಕ್ಸ್ ಯಂತ್ರದ ಮೂಲತತ್ತ್ವವೂ ಇದೇ.

ಈಚಿನ ಹವ್ಯಾಸಿಗಳು ಇನ್ನೂ ಜಾಣತನದ ದಾರಿಯನ್ನು ಹಿಡಿದಿದ್ದಾರೆ. ಒಂದು ಕಂಡೆನ್ಸರಿಗೆ ಬೇಕಾದ ಒತ್ತಡವನ್ನು ತುಂಬಿಸಿ, ವಾಲ್ವಿನ ಮೂಲಕ ಸೆಕೆಂಡಿನ ಸಾವಿರದಲ್ಲೊಂದು ಪಾಲು ಮಾತ್ರ ಪ್ರವಾಹವನ್ನು ಹರಿಸಿ, ಅಷ್ಟರಲ್ಲೇ ಅಳೆದುಬಿಡುವುದು; ಮತ್ತೆ ತುಂಬಿಸುವುದು, ಮತ್ತೆ ಅಳೆಯುವುದು. ಒಂದು ಸಣ್ಣ ಗಣಕಚಿಪ್ಪು ಈ ಕೆಲಸವನ್ನು ನಡೆಸಿ ಗೆರೆಯನ್ನು ಕಂಪ್ಯೂಟರಿಗೆ ಕಳುಹಿಸುತ್ತದೆ. ಇಷ್ಟು ಅಲ್ಪ ಕಾಲದಲ್ಲಿ ಆನೋಡು ಬಿಸಿಯಾಗುವುದಕ್ಕೆ ಅವಕಾಶವೇ ಇಲ್ಲ. ಆದುದರಿಂದ ನಾನು ಬಿಟ್ಟ ಬಿಂದುಗಳನ್ನೂ ಅದು ನಿರ್ಭಯವಾಗಿ ಅಳೆಯುತ್ತದೆ. ಆದರೂ ಮೊದಲ ಯಂತ್ರವನ್ನು ಕೈಯಿಂದ ಓದುವಂಥದನ್ನಾಗಿ ಕಟ್ಟುವುದೇ ಲೇಸೆಂದು ನನ್ನ ಅಭಿಪ್ರಾಯ. ಒಂದೊಂದು ಬಿಂದುವನ್ನೂ ತಾನೇ ಇಟ್ಟವನಿಗೆ ಗೆರೆಯ ಅರ್ಥ ಮರೆಯುವುದಿಲ್ಲ.

ರೇಡಿಯೋದ ತೀರ್ಪು

ಈಗ ಮೊದಲಿನ ಕಥೆಗೆ ಬರೋಣ. ನಮ್ಮ ರೇಡಿಯೋದಲ್ಲಿ ಧ್ವನಿಯನ್ನು ಸ್ಪೀಕರಿಗೆ ಒಪ್ಪಿಸುವ ವಾಲ್ವು ಇ.ಎಲ್. 84. ಇದರಲ್ಲಿ ಮೂರು ಗ್ರಿಡ್ಡುಗಳುಂಟು. ಎರಡನೆಯದಕ್ಕೂ ಆನೋಡಿನಂತೆಯೇ 250 ವೋಲ್ಟನ್ನು ಕೊಡಬೇಕು. ಕೊಟ್ಟು ನೋಡಿದಾಗ ಪ್ರವಾಹವು ಒಂದೆಡೆ ನಿಲ್ಲದೆ ಕುಣಿಯಿತು. ಕೈಯನ್ನು ಹತ್ತಿರ ತಂದರೆ ಒಂದು ಅಂಕಿ, ದೂರ ಸರಿಸಿದರೆ ಇನ್ನೊಂದು. ವಾಲ್ವು ನಿಜವಾಗಿಯೂ ಕೆಟ್ಟಿದೆಯೆಂದು ಎರಡು ದಿನ ನಂಬಿದ್ದೆನು. ಕಡೆಗೆ ತಿಳಿದುದೇನೆಂದರೆ, ಬಲವಾದ ಹಿಡಿತವುಳ್ಳ ವಾಲ್ವು ನನ್ನ ಉದ್ದವಾದ ತಂತಿಗಳ ಸಹವಾಸದಿಂದ ತಾನೇ ಒಂದು ಪ್ರಸಾರಯಂತ್ರವಾಗಿ ಕಿವಿಗೆ ಕೇಳದ ಸ್ವರದಲ್ಲಿ ಹಾಡುತ್ತಿದ್ದಿತು! ಗ್ರಿಡ್ಡಿನ ಕಾಲಿಗೆ ಅಂಟಿಕೊಂಡಂತೆಯೇ 1 ಸಾವಿರ ಓಮಿನ ರೆಸಿಸ್ಟರನ್ನು ಬೆಸೆದೊಡನೆ ಮೀಟರು ಶಾಂತವಾಯಿತು. ತಪ್ಪು ನನ್ನ ಯಂತ್ರದ್ದು. ಕೆಟ್ಟ ಹೆಸರು ವಾಲ್ವಿಗೆ ಬರುವುದರಲ್ಲಿದ್ದಿತು.

ಅನಂತರದ ಅಳತೆ ಹೀಗೆ: ಗ್ರಿಡ್ಡಿಗೆ ಋಣ 7.3 ವೋಲ್ಟು ಇರುವಾಗ ಆನೋಡು 48, ಎರಡನೆಯ ಗ್ರಿಡ್ಡು 5.5, ಒಟ್ಟು 53.5 ಮಿಲಿ-ಆಂಪಿಯರೆಂದು ಪುಸ್ತಕವು ಹೇಳುತ್ತದೆ. ನಮ್ಮ ಮುದುಕನು 49 ನ್ನು ಕೊಟ್ಟನು. ಗ್ರಿಡ್ಡನ್ನು ಇನ್ನೊಂದು ವೋಲ್ಟು ಋಣಗೊಳಿಸಿದರೆ ಪ್ರವಾಹವು 10 ಕ್ಕಿಂತ ಸ್ವಲ್ಪ ಹೆಚ್ಚಾಗಿಯೇ ಇಳಿಯಿತು. ಪುಸ್ತಕದಲ್ಲಿ ಹಿಡಿತದ ಅಂಕಿ 11.3. ಕೆರೆಯಲ್ಲಿ ನೀರು ತುಸು ತಗ್ಗಿದೆ, ತೂಬು ಗಟ್ಟಿಯಾಗಿದೆ ಎಂದರ್ಥ. ಎರಡನೆಯ ಗ್ರಿಡ್ಡಿಗೆ ಬೇರೊಂದು ಸರಬರಾಜನ್ನು ಜೋಡಿಸಿ ಉಳಿದವುಗಳನ್ನೂ ನೋಡಿದೆನು. ಮೂರು ಗೆದ್ದುವು. ಒಂದು ಮಾತ್ರ ಪುಸ್ತಕದ ಅರ್ಧದಷ್ಟೂ ಪ್ರವಾಹವನ್ನು ಕೊಡಲಿಲ್ಲ.

ಹಾಗಾದರೆ ಧ್ವನಿ ಒಡೆದುದೇಕೆ, ಪೆಟ್ಟಿಗೆ ಕಾದುದೇಕೆ? ವಾಲ್ವು ನಿರಪರಾಧಿಯೆಂದು ತಿಳಿದ ಮೇಲೆ ಹುಡುಕಬೇಕಾದ ಸ್ಥಳ ತಾನೇ ಕಾಣಿಸಿತು. ಇ.ಎಲ್. 84 ನ್ನು ಕಿತ್ತು, ಬರಿದಾದ ಸಾಕೆಟ್ಟಿನಲ್ಲಿ ಗ್ರಿಡ್ಡಿನ ಕಾಲಿನ ಒತ್ತಡವನ್ನಳೆದೆನು. ಅಲ್ಲಿ ಸೊನ್ನೆ ಇರಬೇಕು. ಸುಮಾರು 9 ವೋಲ್ಟು ಧನ ಇದ್ದಿತು. ಹಿಂದಿನ ವಾಲ್ವಿನಿಂದ ಧ್ವನಿಯನ್ನು ಮಾತ್ರ ಬಿಟ್ಟು ನೇರ ಒತ್ತಡವನ್ನು ತಡೆಯಬೇಕಾದ ಕಾಗದದ ಸಣ್ಣ ಕಂಡೆನ್ಸರು ಹಳತಾಗಿ ಸೋರುತ್ತಿದ್ದಿತು. ಮುಚ್ಚಿರಬೇಕಾದ ತೂಬನ್ನು ಅದು ಹಗಲಿರುಳು ತೆರೆದಿಟ್ಟಿತ್ತು. ಪಾಪ, ವಾಲ್ವು ಮಿತಿಮೀರಿದ ಹೊರೆಯನ್ನು ಹೊತ್ತು ಬೇಯುತ್ತಿದ್ದಿತು. ಹೊಸ ವಾಲ್ವನ್ನು ತಂದು ಹಾಕಿದ್ದರೆ ಅದೂ ಹೀಗೆಯೇ ಬೆಂದು ಹೋಗುತ್ತಿದ್ದಿತು! ಕೆಲವೇ ರೂಪಾಯಿಗಳ 0.01 ಮೈಕ್ರೋಫ್ಯಾರಡಿನ ಹೊಸ ಕಂಡೆನ್ಸರನ್ನು ಬೆಸೆದು, ಸೋತ ಒಂದು ವಾಲ್ವನ್ನು ಬದಲಾಯಿಸಿದೆನು.

ಯಂತ್ರವನ್ನು ಕಟ್ಟಲು ಪುರಸೊತ್ತಿಲ್ಲದ ಗೃಹಸ್ಥರಿಗೂ ಇದರಿಂದ ಎರಡು ಉಪಯೋಗದ ಸೂಚನೆಗಳು ದೊರೆಯುತ್ತವೆ. ವಾಲ್ವಿನ ಗಾಜಿನ ಒಳಗೆ ಬೆಳ್ಳಿಯ ಕನ್ನಡಿಯಂತೆ ಹೊಳೆಯುವ ಒಂದು ಲೇಪವಿರುತ್ತದೆ. ಅದು ಹಾಲಿನಂತೆ ಬಿಳುಪಾಗಿದ್ದರೆ ಗಾಳಿ ಹೊಕ್ಕಿದೆ, ಆ ವಾಲ್ವಿನ ಆಯುಸ್ಸು ಮುಗಿಯಿತು. ಅದಕ್ಕೆ ಯಾವ ಪರೀಕ್ಷೆಯೂ ಬೇಡ. ಹಾಗಾಗದಿದ್ದರೆ, ವಾಲ್ವನ್ನು ದೂರುವ ಮೊದಲು ಅದರ ಸುತ್ತಲಿನ ಕಾಗದದ ಕಂಡೆನ್ಸರುಗಳನ್ನು ನೋಡಿಸತಕ್ಕದ್ದು.

ಅಂದು ಸಂಜೆ ರೇಡಿಯೋವನ್ನು ನಡುಮನೆಯಲ್ಲಿ ಅದರ ಹಳೆಯ ಜಾಗದಲ್ಲಿಯೇ ಇಟ್ಟೆವು. ಆಕಾಶವಾಣಿಯಲ್ಲಿ ಯಾರೋ ವೀಣೆ ನುಡಿಸುತ್ತಿದ್ದರು. ತಾಯಿಯವರು ಸ್ವಲ್ಪ ಹೊತ್ತು ಕೇಳಿ, “ನಿಮ್ಮ ತಂದೆ ಇಷ್ಟು ಗಟ್ಟಿಯಾಗಿ ಇಡುತ್ತಿರಲಿಲ್ಲಪ್ಪ” ಎಂದರು. ನಾನು ಧ್ವನಿಯನ್ನು ತಗ್ಗಿಸಿದೆನು.

ಕೆಲವು ದಿನಗಳ ಮೇಲೆ ಚೌಕುಳಿ ಕಾಗದವನ್ನು ಹಿಡಿದು ಅಂಗಡಿಯವರ ಬಳಿಗೆ ಹೋದೆನು. ಅವರು ಗೆರೆಗಳನ್ನು ಬಹಳ ಹೊತ್ತು ನೋಡಿ, ಏನನ್ನೂ ಹೇಳದೆ ಒಳಗಿನಿಂದ ಒಂದು ತಗಡಿನ ಡಬ್ಬವನ್ನು ತಂದಿಟ್ಟರು. ಕೆಟ್ಟುವೆಂದು ವರ್ಷಗಳಿಂದ ಕೂಡಿಹಾಕಿದ್ದ 17 ವಾಲ್ವುಗಳು ಅದರಲ್ಲಿದ್ದುವು. “ಇವುಗಳ ನಾಡಿಯನ್ನೂ ಒಮ್ಮೆ ಹಿಡಿದು ನೋಡಿ ಸ್ವಾಮಿ” ಎಂದರು. ಅವುಗಳಲ್ಲಿ 6 ವಾಲ್ವುಗಳು ಬದುಕಿದ್ದುವು.

ನಮ್ಮ ರೇಡಿಯೋದ ಹಿಂಬದಿಯ ಹಲಗೆಗೆ ಒಳಗಡೆಯಿಂದ ಆ ಕಾಗದವನ್ನು ಅಂಟಿಸಿ, ಅಳೆದ ದಿನವನ್ನು ಬರೆದಿಟ್ಟಿದ್ದೇನೆ. ಮುಂದೆ ಯಾರಾದರೂ ಅದನ್ನು ಬಿಚ್ಚಿದಾಗ, ಒಳಗಿರುವವರ ವಿಷಯದಲ್ಲಿ ಒಂದಗುಳನ್ನು ಹಿಸುಕಿ ತೀರ್ಪು ಹೇಳದಿರಲೆಂಬುದೇ ನನ್ನ ಪ್ರಾರ್ಥನೆ.